ಕಾರಿಗೆ ತಂದು ಉಳಿದ ಆಯಿಲ್ ಬೈಕಿಗೆ ಹಾಕ್ಬೋದಾ?

ಹೋದ ಸಂಚಿಕೇಲಿ ಒಬ್ರಿಗೆ ಉತ್ತರ ಕೊಡ್ತಾ "ಆಯಿಲ್ ಚೇಂಜ್ ಮನೆ ಹತ್ರಾನೇ ಮಾಡ್ಕೋಬೋದು" ಅಂತ ಒಂದು ಸಾಲು ಬರ್ದಿದ್ದೆ. ಅದಕ್ಕೆ ಬಂದಿರೋ ಪ್ರಶ್ನೆಗಳೇ ಈ ಸಲ ಪುಟಕ್ಕಾಗೋಷ್ಟಿವೆ, ಹಾಗಾಗಿ ಬೇರೆ ವಿಷಯ ಮುಂದಿನ ಸಲ ನೋಡೋಣ.

ಪ್ರಶ್ನೆ: ನಮ್ಮ ಕಾರಿಗೆ ಅಂತ ತಂದ 5ಡಬ್ಲ್ಯು-30 ಫುಲ್ ಸಿಂಥೆಟಿಕ್ ಆಯಿಲ್ ಒಂದೂವರೆ ಲೀಟರ್ ಉಳಿದಿದೆ ಸರ್. ಒಳ್ಳೆ ಕಂಪನಿದು, ಕಾಸ್ಟ್ಲಿ ಬೇರೆ. ನನ್ನ ಸ್ಪ್ಲೆಂಡರ್‌ಗೆ ಹಾಕಿದ್ರೆ ಇನ್ನೂ ಒಳ್ಳೇದೇ ಅಲ್ವಾ? (ಕೆಂಗೇರಿ ಓದುಗರು)

ಬೇಡ, ದಯವಿಟ್ಟು ಹಾಕ್ಬೇಡಿ. ಆಯಿಲ್ ಕೆಟ್ಟದ್ದು ಅಂತಲ್ಲ, ಅದು ಕಾರಿಗೆ ಒಳ್ಳೇದೇ, ಆದ್ರೆ ಕಾರಲ್ಲಿ ಇಂಜಿನ್ ಆಯಿಲ್ ಮಾಡೋದು ಇಂಜಿನ್ ಕೆಲಸ ಒಂದೇ, ಗೇರ್ ಬಾಕ್ಸಿಗೆ ಬೇರೆ ಆಯಿಲ್ ಇರತ್ತೆ, ಕ್ಲಚ್ಚು ಮಾಮೂಲಾಗಿ ಆಯಿಲ್ ಸೋಕದೆ ಒಣಗೇ ಇರತ್ತೆ. ಗೇರ್ ಇರೋ ನಮ್ಮ ಬೈಕುಗಳಲ್ಲಿ ಹೆಚ್ಚುಕಮ್ಮಿ ಎಲ್ಲದ್ರಲ್ಲೂ ಅದೇ ಒಂದು ಲೀಟರ್ ಆಯಿಲ್ಲು ಪಿಸ್ಟನ್ನಿಗೂ ಆಗ್ಬೇಕು, ಗೇರ್ ಹಲ್ಲಿಗೂ ಆಗ್ಬೇಕು, ಕ್ಲಚ್ ಪ್ಲೇಟುಗಳಂತೂ ಆ ಆಯಿಲ್ಲಲ್ಲೇ ಮುಳುಗಿ ತಿರುಗ್ತಾ ಇರ್ತವೆ. ಇಂಜಿನ್ನಿಗೆ ಜಾರಬೇಕು, ಕ್ಲಚ್ಚಿಗೆ ಹಿಡೀಬೇಕು. ಮೈಲೇಜ್ ಜಾಸ್ತಿ ಬರ್ಲಿ ಅಂತ ಈಗಿನ ತೆಳು ಕಾರ್ ಆಯಿಲ್‌ಗಳಿಗೆ ಉಜ್ಜಾಟ ಕಮ್ಮಿ ಮಾಡೋ ಕೆಮಿಕಲ್ ಬೆರೆಸಿರ್ತಾರೆ, ಅದು ಕ್ಲಚ್ ಪ್ಲೇಟಿನ ಮೇಲೆ ಕೂತ್ರೆ ಹಿಡಿತ ಹೋಗತ್ತೆ.

ನನ್ನ ಸ್ನೇಹಿತನ ಬೈಕಿಗೆ ಒಂದು ಗ್ಯಾರೇಜಲ್ಲಿ ಹೀಗೇ ಕಾರಿನ ಆಯಿಲ್ ಹಾಕಿ ಕಳಿಸಿದ್ರು. ಊರೊಳಗೆ ಏನೂ ಗೊತ್ತಾಗ್ಲಿಲ್ಲ, ನಂದಿ ಬೆಟ್ಟ ಹತ್ತೋವಾಗ ಎಕ್ಸಲೇಟರ್ ಕೊಟ್ರೆ ಇಂಜಿನ್ ಕೂಗ್ತಿದೆ, ಗಾಡಿ ಮಾತ್ರ ಮುಂದಕ್ಕೆ ಹೋಗ್ತಿಲ್ಲ. ವಾಪಸ್ ಬಂದು ಆಯಿಲ್ ಬದಲಾಯಿಸಿದ್ರೂ ಸರಿ ಹೋಗ್ಲಿಲ್ಲ, ಕಡೆಗೆ ಕ್ಲಚ್ ಪ್ಲೇಟ್ ಸೆಟ್ಟೇ ಹೊಸದು ಹಾಕಿಸ್ಬೇಕಾಯ್ತು. ಅವತ್ತಿಂದ ನಾನು ಯಾರೇ ಆಯಿಲ್ ಬಗ್ಗೆ ಕೇಳಿದ್ರೂ ಬ್ರಾಂಡ್ ಆಮೇಲೆ ಮಾತಾಡೋಣ, ಮೊದ್ಲು ಡಬ್ಬ ತಿರುಗಿಸಿ ಹಿಂದುಗಡೆ ಓದಿ ಅಂತೀನಿ. ಅಲ್ಲಿ "ಜಾಸೋ ಎಂಎ" ಅಥವಾ "ಎಂಎ2" ಅಂತ ಇರ್ಬೇಕು. ಜಾಸೋ ಅನ್ನೋದು ಜಪಾನಿನವರ ವಾಹನ ಸ್ಟ್ಯಾಂಡರ್ಡ್, ಆಯಿಲ್ಲಲ್ಲಿ ಮುಳುಗಿರೋ ಕ್ಲಚ್ಚು ಜಾರತ್ತಾ ಹಿಡಿಯತ್ತಾ ಅಂತ ಟೆಸ್ಟ್ ಮಾಡೇ ಈ ಗುರುತು. ಎಂಎ2 ಅಂದ್ರೆ ಹಿಡಿತ ಇನ್ನೂ ಜಾಸ್ತಿ ಇರೋ ವರ್ಗ. ಇನ್ನು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅನ್ನೋ ಗುಂಡನೆ ಗುರುತು ಇದ್ದು, ಅದರ ಕೆಳಗಿನ ಅಂಚಲ್ಲಿ "ರಿಸೋರ್ಸ್ ಕನ್ಸರ್ವಿಂಗ್" ಅಂತ ಬರ್ದಿದ್ರೆ ಅದು ಕಾರಿನ ಆಯಿಲ್ಲೇ ಅಂತ ತಿಳ್ಕೊಂಡು ಅಲ್ಲೇ ಇಟ್ಬಿಡಿ. ನಿಮ್ಮ ಸ್ಪ್ಲೆಂಡರ್‌ಗೆ ಬೇಕಿರೋದು 10ಡಬ್ಲ್ಯು-30 (ಈ ನಂಬರ್‌ಗಳ ಅರ್ಥ ಮುಂದಿನ ಉತ್ತರದಲ್ಲಿದೆ), ಗುಣಮಟ್ಟದ ದರ್ಜೆ ಎಪಿಐ ಎಸ್‌ಜೆ ಅಥವಾ ಅದಕ್ಕಿಂತ ಮೇಲಿಂದು, ಜಾಸೋ ಎಂಎ. ಮಿಕ್ಕಿರೋ ಒಂದೂವರೆ ಲೀಟರ್ ಕಾರಿನ ಮುಂದಿನ ಸರ್ವಿಸಿಗೆ ಮುಚ್ಚಳ ಬಿಗಿಯಾಗಿ ಹಾಕಿಟ್ಕೊಳ್ಳಿ.

ಪ್ರಶ್ನೆ: ಜೆ.ಸಿ. ರೋಡಿನ ಅಂಗಡೀಲಿ ಬೇಸಿಗೇಲಿ 20ಡಬ್ಲ್ಯು-50 ಹಾಕ್ಸಿ, ಚಳಿಗಾಲಕ್ಕೆ 10ಡಬ್ಲ್ಯು-30 ಹಾಕ್ಸಿ ಅಂತಾರೆ. ಹೌದಾ? (ಬಸವನಗುಡಿ)

ಬೆಂಗಳೂರಿಗೆ ಆ ಮಾತು ಅನ್ವಯಿಸಲ್ಲ ಸರ್. ಡಬ್ಲ್ಯು ಅಂದ್ರೆ ವಿಂಟರ್, ಅದಕ್ಕಿಂತ ಮುಂಚೆ ಇರೋ ನಂಬರ್ ಚಳೀಲಿ ಆಯಿಲ್ ಎಷ್ಟು ಬೇಗ ಹರಿಯತ್ತೆ ಅನ್ನೋದು. 10ಡಬ್ಲ್ಯು ಆಯಿಲ್‌ನ ಸ್ಟಾರ್ಟಿಂಗ್ ಟೆಸ್ಟ್ ಮಾಡೋದು ಮೈನಸ್ 25 ಡಿಗ್ರೀಲಿ, 20ಡಬ್ಲ್ಯುದು ಮೈನಸ್ 15ರಲ್ಲಿ. ನಮ್ಮೂರಲ್ಲಿ ದಾಖಲಾಗಿರೋ ಅತಿ ಕಮ್ಮಿ ಅಂದ್ರೆ 1884ರ ಜನವರೀಲಿ 7.8 ಡಿಗ್ರಿ, ಅತಿ ಜಾಸ್ತಿ 2016ರ ಏಪ್ರಿಲ್‌ನಲ್ಲಿ 39.2. ಇದರೊಳಗೆ ಕಾಲಕ್ಕೊಂದು ಆಯಿಲ್ ಬದಲಾಯಿಸೋಷ್ಟು ಚಳೀನೂ ಇಲ್ಲ ಬಿಸಿಲೂ ಇಲ್ಲ. ಎರಡ್ನೇ ನಂಬರ್ 100 ಡಿಗ್ರೀಲಿ ಆಯಿಲ್ ಎಷ್ಟು ಗಟ್ಟಿ ಇರತ್ತೆ ಅನ್ನೋದು. ಇಂಜಿನ್ ಒಳಗೆ ಆಯಿಲ್ ಕಾಯೋದು ಹೊರಗಿನ ಬಿಸಿಲಿಂದಲ್ಲ, ಒಳಗಿನ ಬೆಂಕಿಯಿಂದ.

"ಗಟ್ಟಿ ಆಯಿಲ್ ಅಂದ್ರೆ ಜಾಸ್ತಿ ರಕ್ಷಣೆ" ಅನ್ನೋ ನಂಬಿಕೆ ನಮ್ಮಲ್ಲಿ ತುಂಬಾ ಬೇರೂರಿದೆ. ಇಂಜಿನ್ ಒಳಗಿನ ಗ್ಯಾಪು, ಆಯಿಲ್ ಪಂಪು ಎಲ್ಲಾ ಒಂದು ಗ್ರೇಡಿಗೆ ಲೆಕ್ಕ ಹಾಕಿ ಮಾಡಿರ್ತಾರೆ. ರಾಯಲ್ ಎನ್‌ಫೀಲ್ಡಿನ ಹಳೇ ಕ್ಲಾಸಿಕ್ 350ಗೆ (ಯುಸಿಇ ಅನ್ನೋ ಇಂಜಿನ್ ಇರೋದು) 15ಡಬ್ಲ್ಯು-50 ಹೇಳಿರೋದೂ ಸ್ಪ್ಲೆಂಡರ್‌ಗೆ 10ಡಬ್ಲ್ಯು-30 ಹೇಳಿರೋದೂ ಅದಕ್ಕೇ. 10ಡಬ್ಲ್ಯು-30 ಗಾಡಿಗೆ 50 ಸುರಿದ್ರೆ ಪಿಕಪ್ ಮಂದ ಆಗತ್ತೆ, ಮೈಲೇಜ್ ಇಳಿಯತ್ತೆ, ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗ ಮೇಲಿನ ಹೆಡ್ಡಿಗೆ ಆಯಿಲ್ ಹತ್ತೋದು ತಡ ಆಗತ್ತೆ. ನೀಲಿ ಹೊಗೆ ಬರೋ ಹಳೇ ಗಾಡಿಗೆ ಗಟ್ಟಿ ಆಯಿಲ್ ಹಾಕಿ ಹೊಗೆ ಮುಚ್ಚಿಡ್ತಾರೆ, ಅದು ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿರೋ ಕಾಯಿಲೆ, ಆಯಿಲ್ಲಿಂದ ವಾಸಿ ಆಗಲ್ಲ.

ಪ್ರಶ್ನೆ: ಅಪಾರ್ಟ್‌ಮೆಂಟ್ ಪಾರ್ಕಿಂಗಲ್ಲಿ ನಾನೇ ಆಯಿಲ್ ಬದಲಾಯಿಸ್ಬೇಕು ಅಂತಿದ್ದೀನಿ. ಮನೇಲಿ ಎಲ್ರೂ "ನಿನ್ಗ್ಯಾಕಮ್ಮ ಆ ಕೆಲಸ" ಅಂತಾರೆ. ಎಲ್ಲಿ ತಪ್ಪಾಗತ್ತೆ ಅಂತ ಮೊದ್ಲೇ ಹೇಳಿ. (ಯಲಹಂಕ ಓದುಗರು, ಗಾಡಿ 100 ಸಿಸಿ)

ಖಂಡಿತ ಮಾಡಿ ಮೇಡಂ, ಅರ್ಧ ಗಂಟೆ ಕೆಲಸ. ಗಾಡಿನ ಸಮ ನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಮೂರ್ನಾಲ್ಕು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡಿ. ಬೆಚ್ಚಗಿದ್ರೆ ಆಯಿಲ್ ಸಲೀಸಾಗಿ ಇಳಿದು ಕಸಾನೂ ಜೊತೆಗೆ ತರತ್ತೆ, ಆದ್ರೆ ದೂರದಿಂದ ಬಂದ ತಕ್ಷಣ ಕೈ ಹಾಕ್ಬೇಡಿ, ಸೈಲೆನ್ಸರ್ ಪೈಪೂ ಆಯಿಲ್ಲೂ ಎರಡೂ ಸುಡತ್ತೆ. ಹಳೇ ಬೇಸಿನ್ ಕೆಳಗಿಟ್ಟು ಡ್ರೈನ್ ಬೋಲ್ಟ್ ಬಿಚ್ಚಿ, ಈ ಗಾಡಿಗಳಿಗೆ ಸಾಮಾನ್ಯವಾಗಿ 17 ನಂಬರ್ ಸ್ಪ್ಯಾನರ್ ಹಿಡಿಯತ್ತೆ, ರಿಂಗ್ ಸ್ಪ್ಯಾನರ್ರೇ ತಗೊಳ್ಳಿ, ಓಪನ್ ಎಂಡ್ ಆದ್ರೆ ಮೂಲೆ ಸವೆದುಹೋಗತ್ತೆ.

ತಪ್ಪಾಗೋದು ಎರಡು ಕಡೆ. ಒಂದು, ಬೋಲ್ಟ್ ಇಂಜಿನ್ ಅಡೀಲಿದೆ, ನೀವು ಮೇಲಿಂದ ಬಗ್ಗಿ ನೋಡ್ತಿರ್ತೀರಿ, ಬಿಚ್ತೀನಿ ಅನ್ಕೊಂಡು ಟೈಟ್ ಮಾಡ್ತಿರ್ತೀರಿ. ಕೆಳಗಿಂದ ನೋಡ್ದಂಗೆ ಎಡಕ್ಕೆ ತಿರುಗಿಸ್ಬೇಕು. ವಾಪಸ್ ಹಾಕೋವಾಗ ಮೊದ್ಲು ಬೆರಳಲ್ಲೇ ಪೂರ್ತಿ ತಿರುಗಿಸಿ, ಸಲೀಸಾಗಿ ಹೋಗದಿದ್ರೆ ಥ್ರೆಡ್ ಅಡ್ಡ ಕೂತಿದೆ ಅಂತ ಅರ್ಥ, ತೆಗೆದು ಮತ್ತೆ ಹಾಕಿ, ಆಮೇಲೆ ಸ್ಪ್ಯಾನರ್ ಬುಡದ ಹತ್ರ ಹಿಡ್ಕೊಂಡು ಗಟ್ಟಿ ಆಗೋ ತನಕ ಮಾತ್ರ ಬಿಗೀರಿ. ಕ್ರ್ಯಾಂಕ್ ಕೇಸ್ (ಇಂಜಿನ್ನಿನ ಕೆಳಗಿನ ಪೆಟ್ಟಿಗೆ) ಅಲ್ಯೂಮಿನಿಯಂ, ಬೋಲ್ಟ್ ಉಕ್ಕು, ಬಲ ಹಾಕಿದ್ರೆ ಹೋಗೋದು ಅಲ್ಯೂಮಿನಿಯಮ್ಮೇ, ಆಮೇಲೆ ಹೊಸ ಥ್ರೆಡ್ ಹಾಕಿಸೋಕೆ ಲೇತ್ ಅಂಗಡಿ ಹುಡುಕ್ಬೇಕು. ಬೋಲ್ಟಿನ ವಾಷರ್ ಪ್ರತಿ ಸಲ ಹೊಸದು ಹಾಕಿ, ಚಿಲ್ಲರೆ ಕಾಸಿನದು, ಮೆತ್ತಗಿನ ಲೋಹ, ಒಂದ್ಸಲ ಒತ್ತಿದ್ರೆ ಮುಗೀತು. ಪೇಪರ್ ಫಿಲ್ಟರ್ ಇರೋ ಬೈಕಾದ್ರೆ ಅದನ್ನೂ ಈಗ್ಲೇ ಬದಲಾಯಿಸ್ಬೇಕು, ನಿಮ್ಮ ಗಾಡೀಲಿ ಆ ಥರದ್ದು ಇಲ್ದಿರಬೋದು, ಮ್ಯಾನ್ಯುವಲ್ ನೋಡ್ಕೊಳ್ಳಿ.

ಎರಡ್ನೇದು, ಇದೇ ಜಾಸ್ತಿ ಜನ ಮಾಡೋ ತಪ್ಪು, 1 ಲೀಟರ್ ಡಬ್ಬ ತಂದಿದ್ದೀವಲ್ಲ ಅಂತ ಪೂರ್ತಿ ಸುರಿಯೋದು. ಒಳಗಡೆ ಸ್ವಲ್ಪ ಹಳೇ ಆಯಿಲ್ ಅಂಟ್ಕೊಂಡೇ ಇರತ್ತೆ, ಹಾಗಾಗಿ ಈ ಗಾಡಿಗಳಿಗೆ ಲೀಟರ್‌ಗಿಂತ ಕಮ್ಮೀನೇ ಸಾಕಾಗೋದು, 900 ಎಂಎಲ್ ಡಬ್ಬ ಮಾರೋದೂ ಅದಕ್ಕೇ. ಜಾಸ್ತಿ ಆದ್ರೆ ನೊರೆ ಏಳತ್ತೆ, ಇಂಜಿನ್ ಒಳಗಿನ ಗಾಳಿ ಹೊರಬಿಡೋ ಬ್ರೀದರ್ ಪೈಪಲ್ಲಿ ಹತ್ತಿ ಏರ್ ಫಿಲ್ಟರ್ ಒದ್ದೆ ಮಾಡತ್ತೆ. 800 ಎಂಎಲ್ ಹಾಕಿ, ಎರಡು ನಿಮಿಷ ಇಂಜಿನ್ ಓಡ್ಸಿ, ನಿಲ್ಸಿ, ಮೂರು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಒರೆಸಿ ಅದ್ದಿ ನೋಡಿ. ಹೀರೋ, ಹೋಂಡಾ ಗಾಡಿಗಳಲ್ಲಿ ಡಿಪ್‌ಸ್ಟಿಕ್ ತಿರುಗಿಸದೆ ಸುಮ್ನೆ ಒಳಗಿಟ್ಟು ತೆಗೀಬೇಕು. ಎರಡು ಗೆರೆ ಮಧ್ಯ ಮೇಲಿನ ಗೆರೆ ಹತ್ರ ಬರೋ ತನಕ ಸ್ವಲ್ಪ ಸ್ವಲ್ಪ ಸೇರಿಸಿ. ಮಾರನೇ ದಿನ ಬೆಳಿಗ್ಗೆ ಗಾಡಿ ಕೆಳಗೆ ಒಂದು ರಟ್ಟು ಇಟ್ಟು ತೊಟ್ಟಿಕ್ಕಿದ್ಯಾ ನೋಡಿ.

ಪ್ರಶ್ನೆ: ಹೊಸ ಆಯಿಲ್ 500 ಕಿಲೋಮೀಟರ್‌ಗೇ ಕಪ್ಪಾಯ್ತು. ಡೂಪ್ಲಿಕೇಟಾ? (ಪೀಣ್ಯ)

ಕಪ್ಪಾಗೋದು ಆಯಿಲ್ ಕೆಲಸ ಮಾಡ್ತಿದೆ ಅನ್ನೋದಕ್ಕೆ ಗುರುತು, ಅದರಲ್ಲಿರೋ ಡಿಟರ್ಜೆಂಟ್ ಹಳೇ ಕರಿನ ಕಿತ್ತು ತನ್ನೊಳಗೆ ಇಟ್ಕೊಳತ್ತೆ. ಹೆದರಬೇಕಾಗಿದ್ದು ಹಾಲು ಬೆರೆಸಿದ ಕಾಫಿ ಬಣ್ಣ ಬಂದ್ರೆ, ನೀರು ಸೇರಿದೆ ಅಂತ. ಮಳೇಲಿ ಅಂಡರ್‌ಪಾಸ್ ನೀರೊಳಗೆ ಗಾಡಿ ಇಳಿಸಿದ್ರೆ ಹೀಗಾಗ್ಬೋದು, ತಡ ಮಾಡ್ದೆ ಬದಲಾಯಿಸಿ.

ಪ್ರಶ್ನೆ: ಅಣ್ಣ, ನಾನು ಡೆಲಿವರಿ ಕೆಲಸ ಮಾಡ್ತೀನಿ, ದಿನಕ್ಕೆ 120 ಕಿಲೋಮೀಟರ್ ಓಡತ್ತೆ. ಸಿಂಥೆಟಿಕ್ ಹಾಕಿದ್ರೆ ಡಬಲ್ ಕಿಲೋಮೀಟರ್ ಓಡಿಸ್ಬೋದು ಅಂತಾರೆ, ಕ್ಲಚ್ ಜಾರತ್ತೆ ಅಂತಾನೂ ಅಂತಾರೆ. (ಬೊಮ್ಮನಹಳ್ಳಿ)

ಎರಡೂ ನಂಬ್ಬೇಡಪ್ಪ. ಜಾಸೋ ಎಂಎ ಇರೋ ಸಿಂಥೆಟಿಕ್ ಕ್ಲಚ್ಚಿಗೆ ಏನೂ ಮಾಡಲ್ಲ. ಸಿಂಥೆಟಿಕ್ ಬಿಸಿ ತಡ್ಕೊಳತ್ತೆ, ಬೇಗ ಕೆಡಲ್ಲ, ಅದು ನಿಜ, ಆದ್ರೆ ಡಬಲ್ ಓಡ್ಸೋಕೆ ಲೈಸೆನ್ಸ್ ಅಲ್ಲ. ನಿನ್ನ ವಿಷಯದಲ್ಲಿ ನನಗೆ ಚಿಂತೆ ಇರೋದು ಮೀಟರ್‌ದು. ಸಿಲ್ಕ್ ಬೋರ್ಡ್‌ನಲ್ಲಿ ಇಪ್ಪತ್ತು ನಿಮಿಷ ನಿಂತ್ರೆ ಇಂಜಿನ್ ಇಪ್ಪತ್ತು ನಿಮಿಷ ಓಡಿರತ್ತೆ, ಗಾಳಿ ಬೇರೆ ತಾಗಿರಲ್ಲ, ಮೀಟರ್ ಮಾತ್ರ ಅಲ್ಲೇ ಇರತ್ತೆ. ಹಾಗಾಗಿ ಕಂಪನಿ ಹೇಳಿರೋ ಕಿಲೋಮೀಟರ್‌ಗಿಂತ ಸ್ವಲ್ಪ ಮುಂಚೇನೇ ಬದಲಾಯಿಸು, ಗ್ರೇಡ್ ಸರಿ ಇರೋ ಸಿಂಥೆಟಿಕ್ ಅಲ್ಲದ ಸಾಧಾರಣ ಮಿನರಲ್ ಆಯಿಲ್ ಆದ್ರೂ ಪರವಾಗಿಲ್ಲ. ವಾರಕ್ಕೊಂದ್ಸಲ ಡಿಪ್‌ಸ್ಟಿಕ್ ನೋಡು. ನಿನ್ನ ಹೊಟ್ಟೆಪಾಡು ಆ ಗಾಡಿ ಮೇಲಿದೆ, ಆಯಿಲ್ ಇಲ್ದೆ ಇಂಜಿನ್ ಸೀಜ್ ಆದ್ರೆ (ಒಳಗೇ ಕಚ್ಕೊಂಡು ನಿಂತ್ರೆ) ವಾರಗಟ್ಟಲೆ ಕೆಲಸ ಹೋಗತ್ತೆ.

ಪ್ರಶ್ನೆ: ಹಳೇ ಆಯಿಲ್ ಏನ್ಮಾಡ್ಲಿ? ಪಕ್ಕದ ಮನೆಯವ್ರು ಮೋರಿಗೆ ಸುರೀತಾರೆ. (ರಾಜರಾಜೇಶ್ವರಿ ನಗರ)

ಅವರಿಗೆ ಒಂದ್ಸಲ ಸಮಾಧಾನವಾಗಿ ಹೇಳಿ ನೋಡಿ. ನಿಮ್ಮ ಕಡೆ ಮೋರಿಗೆ ಹೋಗಿದ್ದು ವೃಷಭಾವತಿಗೆ ಹೋಗತ್ತೆ, ಅಲ್ಲಿಂದ ಬೈರಮಂಗಲ ಕೆರೆಗೆ, ಆ ನೀರಲ್ಲೇ ಅಲ್ಲಿಯ ರೈತರು ಬೆಳೆ ತೆಗೀತಾರೆ, ಮುಂದೆ ಅರ್ಕಾವತಿ ಸೇರಿ ಕಾವೇರಿಗೆ. ಬಳಸಿದ ಆಯಿಲ್ಲು ಕೇಂದ್ರ ಸರ್ಕಾರದ 2016ರ ತ್ಯಾಜ್ಯ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ, ಅದನ್ನ ಶುದ್ಧ ಮಾಡಿ ಮತ್ತೆ ಆಯಿಲ್ ಮಾಡ್ಬೋದು ಕೂಡ. ನೀರಿನ ಹಳೇ ಬಾಟ್ಲಿಗೆ ಸೋರದ ಹಾಗೆ ತುಂಬಿ, ಮಕ್ಕಳ ಕೈಗೆ ಸಿಗದ ಹಾಗೆ ಇಟ್ಟು, ಡ್ರಮ್ಮಲ್ಲಿ ಹಳೇ ಆಯಿಲ್ ಕೂಡಿಸೋ ಸರ್ವಿಸ್ ಸೆಂಟರ್‌ಗೆ ಕೇಳಿ ಕೊಟ್ಟು ಬನ್ನಿ. ಮರಕ್ಕೆ ಬಳಿಯೋದು, ಸೆಂಟ್ರಿಂಗ್ ಶೀಟಿಗೆ ಕೊಡೋದು, ಸುಡೋದು ಯಾವ್ದೂ ಬೇಡ. ಮತ್ತೆ ಖಾಲಿ ಡಬ್ಬನ ಹಾಗೇ ಗುಜರಿಗೆ ಹಾಕ್ಬೇಡಿ, ಲೇಬಲ್ ಕೆರೆದು ಚಾಕುವಿಂದ ಎರಡು ಕಡೆ ಸೀಳಿ ಹಾಕಿ, ಯಾರೂ ಅದಕ್ಕೆ ಕಳಪೆ ಆಯಿಲ್ ತುಂಬಿ ಸೀಲ್ ಮಾಡಿ ಮಾರದ ಹಾಗೆ.