ಎಂಒಯು ಫೋಟೊ ನೋಡಿ ಫೀಸು ಕಟ್ಟಬಹುದೇ?

(ಮಲ್ಪೆಯ ಓದುಗರೊಬ್ಬರ ಪತ್ರ: "ಮಗಳು ಬಯೋಟೆಕ್ನಾಲಜಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿದ್ದಾಳೆ. ಎಂ.ಎಸ್‌ಸಿ.ಗೆಂದು ಒಂದು ಕಾಲೇಜಿನಲ್ಲಿ ವಿಚಾರಿಸಿದೆವು. ಯುರೋಪಿನ ವಿಶ್ವವಿದ್ಯಾಲಯದ ಜೊತೆ ಎಂಒಯು (ಒಡಂಬಡಿಕೆ ಪತ್ರ) ಆಗಿದೆ, ಹಾಗಾಗಿ ಫೀಸು ಜಾಸ್ತಿ ಅಂದರು. ಶಾಲು ಹೊದಿಸಿದ ಫೋಟೊವನ್ನೂ ತೋರಿಸಿದರು. ಇದರಿಂದ ಮಗಳಿಗೆ ಏನು ಸಿಗುತ್ತದೆ? ಬೋಟನ್ನೇ ನಂಬಿದ ನಮ್ಮೂರಿಗೆ ಏನು ಸಿಗುತ್ತದೆ? ದಯವಿಟ್ಟು ಹೆಸರು ಹಾಕಬೇಡಿ.")

ಮಾನ್ಯರೇ,

ಊರಿಗೇನು ಸಿಗುತ್ತದೆ ಎಂದು ಕೇಳಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಕಾಲೇಜಿನ ಕೌಂಟರಿನಲ್ಲಿ ನಿಂತು ಈ ಪ್ರಶ್ನೆ ಕೇಳುವವರು ಕಡಿಮೆ.

1994ರ ಹೊತ್ತಿಗೆ ನಮ್ಮ ದೇಶದ ಸಿಗಡಿ ಕೆರೆಗಳಿಗೆ ಬಿಳಿಚುಕ್ಕೆ ರೋಗ ಬಂತು. ಚಿಪ್ಪಿನ ಮೇಲೆ ಚುಕ್ಕೆ ಕಂಡ ವಾರ, ಹತ್ತು ದಿನಗಳಲ್ಲಿ ಕೆರೆಗೆ ಕೆರೆಯೇ ಖಾಲಿಯಾಗುತ್ತಿತ್ತು. 1997ರಲ್ಲಿ ಇನ್ನೊಂದು ಪೆಟ್ಟು: ಶುಚಿತ್ವ ಸಾಲದೆಂದು ಯುರೋಪಿಯನ್ ಒಕ್ಕೂಟ ಭಾರತದ ಮೀನು ಉತ್ಪನ್ನಗಳ ಆಮದನ್ನು ಕೆಲಕಾಲ ನಿಲ್ಲಿಸಿತು. ಎರಡು ಕಷ್ಟಗಳೂ ಬೇಡಿದ್ದು ಒಂದನ್ನೇ. ಈ ಮರಿಯಲ್ಲಿ ವೈರಸ್ ಇದೆಯೇ, ಈ ಮೀನಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದೆಯೇ ಎಂದು ಹತ್ತಿರದಲ್ಲೇ ಹೇಳಬಲ್ಲ ಪ್ರಯೋಗಾಲಯ ಬೇಕಿತ್ತು.

ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಅದಿತ್ತು. 1969ರಲ್ಲಿ ಆರಂಭವಾದ ಈ ಕಾಲೇಜು ಮೀನುಗಾರಿಕೆಗೆಂದೇ ಹುಟ್ಟಿದ ದೇಶದ ಮೊದಲ ಕಾಲೇಜು. ಯುನೆಸ್ಕೊ ನಾನಾ ದೇಶಗಳಲ್ಲಿ ಕಟ್ಟಿದ ಸೂಕ್ಷ್ಮಜೀವಿ ಸಂಶೋಧನಾ ಕೇಂದ್ರಗಳ ಜಾಲದಲ್ಲಿ ಸಮುದ್ರ ಜೈವಿಕ ತಂತ್ರಜ್ಞಾನದ ಕೇಂದ್ರವೊಂದು ಇಲ್ಲಿತ್ತು. ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಅವರು ತಮ್ಮ ವಿದ್ಯಾರ್ಥಿಗಳೊಂದಿಗೆ ಬಿಳಿಚುಕ್ಕೆ ವೈರಸ್ಸನ್ನು ಪಿಸಿಆರ್ ಪರೀಕ್ಷೆಯಿಂದ ಪತ್ತೆ ಮಾಡುವ ಕೆಲಸ ಮಾಡಿದ್ದು ಇಲ್ಲೇ. ಕೆರೆಗೆ ಬಿಡುವ ಮೊದಲೇ ಮರಿಯನ್ನು ಪರೀಕ್ಷಿಸಿ ರೋಗವಿದ್ದದ್ದನ್ನು ಬಿಡದೇ ಇರುವುದು: ಔಷಧಿಯೇ ಇಲ್ಲದ ರೋಗಕ್ಕೆ ಇದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. ಇಡ್ಯ ಕರುಣಾಸಾಗರ್ ಮುಂದೆ ರೋಮ್‌ಗೆ ಹೋಗಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಸಮುದ್ರಾಹಾರದ ಸುರಕ್ಷತೆಯನ್ನೇ ನೋಡಿಕೊಂಡರು. ಮರುವಾಯಿ (ಚಿಪ್ಪುಮೀನು), ಸಿಗಡಿ ತಿನ್ನುವ ಕರಾವಳಿಯ ಅನುಭವ ಜಗತ್ತಿನ ನಿಯಮಗಳನ್ನು ಚರ್ಚಿಸುವ ಮೇಜಿಗೆ ಹೋಯಿತು ಅನ್ನುವುದು ನನಗೆ ಬಹಳ ಹೆಮ್ಮೆಯ ಸಂಗತಿ.

ಇಲ್ಲಿ ಪ್ರಶ್ನೆ ನಮ್ಮದಾಗಿತ್ತು, ಕಲಿತವರು ನಮ್ಮವರಾಗಿದ್ದರು. ವಿದೇಶಿ ಸಹಯೋಗವನ್ನು ನಾನು ಅಳೆಯುವುದು ಇದರಿಂದಲೇ.

ಘಟ್ಟದ ಮೇಲಿನ ಕತೆ ಅರ್ಧ ಮಾತ್ರ ಹೀಗಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಸತ್ತರು. ಪುಣೆಯ ವೈರಸ್ ಸಂಶೋಧನಾ ಕೇಂದ್ರವು ರಕ್ತ ಹೀರುವ ಉಣುಗಿನಿಂದ ಹರಡುವ ಹೊಸ ವೈರಸ್ಸನ್ನು ಬಹುಬೇಗ ಗುರುತಿಸಿತು. ಆ ಕೇಂದ್ರವನ್ನು 1952ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಭಾರತದ ಜೊತೆ ಸೇರಿ ಕಟ್ಟಿತ್ತು. ಆ ಪಾಲುದಾರಿಕೆ ಇಲ್ಲದಿದ್ದರೆ ಮಂಗನ ಕಾಯಿಲೆ ಇನ್ನೂ ಬಹುಕಾಲ ಹೆಸರಿಲ್ಲದ ಜ್ವರವಾಗಿಯೇ ಉಳಿಯುತ್ತಿತ್ತು. ಆದರೆ ಪತ್ತೆಯಾದ ಮೇಲೆ? ವರ್ಷಗಟ್ಟಲೆ ಕೊಟ್ಟ ಲಸಿಕೆಯ ಶಕ್ತಿ ಕುಂದಿ, ಕೊನೆಗೆ ಅದನ್ನು ಕೊಡುವುದನ್ನೇ ನಿಲ್ಲಿಸಬೇಕಾಯಿತು. ಬೇಸಿಗೆ ಬಂದರೆ ಮಲೆನಾಡಿನವರು ಸೊಪ್ಪು ಸೌದೆಗೆ ಕಾಡಿಗೆ ಹೋಗಲು ಇಂದಿಗೂ ಹೆದರುತ್ತಾರೆ. ವೈರಸ್ ಕಂಡುಹಿಡಿದಾಗ ಇದ್ದ ಉತ್ಸಾಹ ಲಸಿಕೆ ಸುಧಾರಿಸುವಾಗ ಇರಲಿಲ್ಲ. ಇದಕ್ಕೆ ಹೊರಗಿನವರನ್ನು ದೂರುವುದು ಸರಿಯಲ್ಲ, ಮುಂದುವರಿಸಬೇಕಾದವರು ನಾವು.

ನಿಮ್ಮ ಮನೆಗೆ ಹತ್ತಿರದ ಮಣಿಪಾಲವನ್ನೇ ನೋಡಿ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡಿನ ರೋಗಿಗಳ ಮಾದರಿಗಳಲ್ಲಿ ನಿಪಾ ವೈರಸ್ಸನ್ನು ಮೊದಲು ಗುರುತಿಸಿದ್ದು ಅಲ್ಲಿನ ವೈರಸ್ ಸಂಶೋಧನಾ ಕೇಂದ್ರ. ಪುಣೆ ಅದನ್ನು ದೃಢಪಡಿಸಿತು. ಅದಕ್ಕೂ ಹಲವು ವರ್ಷ ಮೊದಲಿನಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ನೆರವಿನಲ್ಲಿ ಆ ಸಂಸ್ಥೆ ಜ್ವರದ ಕಾರಣ ಹುಡುಕುವ ಸಮೀಕ್ಷೆ ನಡೆಸುತ್ತಿತ್ತು. ಸದ್ದಿಲ್ಲದೆ ನಡೆದ ಇಂಥ ಕೆಲಸಕ್ಕೆ ಸಮಾರಂಭದ ಫೋಟೊದಲ್ಲಿ ಜಾಗ ಸಿಗುವುದಿಲ್ಲ.

ಈಗ ಮಗಳ ವಿಷಯ. ಎಂಒಯು ಅಂದರೆ ಸಾಮಾನ್ಯವಾಗಿ ಜೊತೆಗೆ ಕೆಲಸ ಮಾಡುವ ಇಚ್ಛೆ ಇದೆ ಎಂಬ ಕಾಗದ, ಅಷ್ಟೇ. ಅದೊಂದರಿಂದಲೇ ಯಾರಿಗೂ ವಿದೇಶಿ ಪದವಿ ಬರುವುದಿಲ್ಲ. ವಿದೇಶಿ ವಿಶ್ವವಿದ್ಯಾಲಯದೊಂದಿಗೆ ಸೇರಿ ಕೋರ್ಸು ನಡೆಸಲು ಯುಜಿಸಿ 2022ರಲ್ಲಿ ನಿಯಮ ಮಾಡಿದೆ. ಅದರಲ್ಲಿ ಮೂರು ದಾರಿಗಳಿವೆ. ಟ್ವಿನ್ನಿಂಗ್ ಆದರೆ ಶೇ. 30ರವರೆಗಿನ ಕ್ರೆಡಿಟ್ ಹೊರಗೆ ಓದಬಹುದು, ಪದವಿ ಕೊಡುವುದು ಇಲ್ಲಿನ ಸಂಸ್ಥೆಯೇ. ಜಾಯಿಂಟ್ ಡಿಗ್ರಿಯಾದರೆ ಒಂದೇ ಪ್ರಮಾಣಪತ್ರದಲ್ಲಿ ಎರಡೂ ಸಂಸ್ಥೆಗಳ ಹೆಸರು. ಡ್ಯುಯಲ್ ಡಿಗ್ರಿಯಾದರೆ ಎರಡೂ ಕಡೆಯಿಂದ ಬೇರೆ ಬೇರೆ ಪದವಿ. ವಿದೇಶಿ ಸಂಸ್ಥೆಯ ಹೆಸರಿನಲ್ಲಿ ಇಲ್ಲಿನವರು ಕೋರ್ಸು ನಡೆಸುವ ಫ್ರಾಂಚೈಸಿ ಪದ್ಧತಿಗೆ ಅವಕಾಶವಿಲ್ಲ. ನಿಮಗೆ ಹೇಳಿದ ಕೋರ್ಸು ಈ ಮೂರರಲ್ಲಿ ಯಾವುದು ಎಂದು ಬರಹದಲ್ಲಿ ಕೇಳಿ. ಯಾವುದೂ ಅಲ್ಲವಾದರೆ ಹೆಚ್ಚುವರಿ ಫೀಸು ಯಾತಕ್ಕೆ ಎಂದೂ ಕೇಳಿ. ಕಳೆದ ವರ್ಷ ಎಷ್ಟು ವಿದ್ಯಾರ್ಥಿಗಳು ಹೋಗಿಬಂದರು, ವಿಮಾನದ ಖರ್ಚು ಯಾರದ್ದು, ಹೋದವರು ಅಲ್ಲಿ ಯಾವ ಲ್ಯಾಬಿನಲ್ಲಿ ಏನು ಮಾಡಿದರು? ಸಾಧ್ಯವಾದರೆ ಹೋಗಿಬಂದ ಒಬ್ಬ ವಿದ್ಯಾರ್ಥಿಯ ಜೊತೆ ಮಗಳನ್ನೇ ಮಾತಾಡಿಸಿ. ನಿಜವಾಗಿ ಕೆಲಸ ನಡೆಯುವ ಕಡೆ ಈ ಪ್ರಶ್ನೆಗಳಿಗೆ ಯಾರೂ ಸಿಟ್ಟಾಗುವುದಿಲ್ಲ.

ಫೀಸು ಹೆಚ್ಚು ಕೊಡದೆಯೂ ದಾರಿಗಳಿವೆ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಜ್ಞಾನ್' ಯೋಜನೆಯಲ್ಲಿ ವಿದೇಶಿ ಪ್ರಾಧ್ಯಾಪಕರು ಇಲ್ಲಿಗೇ ಬಂದು ಒಂದೆರಡು ವಾರ ಪಾಠ ಮಾಡುತ್ತಾರೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿಯೂ ಇಂಥ ಕೋರ್ಸುಗಳು ನಡೆದಿವೆ, ಬೇರೆ ಕಾಲೇಜಿನವರೂ ಸೇರಬಹುದು. ಇನ್ನೊಂದು ಎರಾಸ್ಮಸ್ ಮುಂಡಸ್ ಸ್ನಾತಕೋತ್ತರ ಕೋರ್ಸು: ಯುರೋಪಿನ ಹಲವು ವಿಶ್ವವಿದ್ಯಾಲಯಗಳು ಸೇರಿ ನಡೆಸುತ್ತವೆ. ವಿದ್ಯಾರ್ಥಿವೇತನ ಸಿಕ್ಕಿದರೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೊ ಕೈಗೆ ಬರುತ್ತದೆ. ಅರ್ಜಿ ನೇರವಾಗಿ ವಿದ್ಯಾರ್ಥಿಯೇ ಹಾಕುವುದು; ಯಾವ ಕಾಲೇಜಿನ ಎಂಒಯು ಕೂಡ ಬೇಕಿಲ್ಲ, ಏಜೆಂಟರೂ ಬೇಕಿಲ್ಲ. ಹೆಚ್ಚಿನವು ಅಕ್ಟೋಬರಿನಿಂದ ಜನವರಿಯೊಳಗೆ ಅರ್ಜಿ ಕರೆಯುತ್ತವೆ. ಸ್ಪರ್ಧೆ ಬಿಗಿಯಾಗಿದೆ, ಆದರೆ ಪ್ರತಿವರ್ಷ ಭಾರತದ ಮಕ್ಕಳು ಒಳ್ಳೆಯ ಸಂಖ್ಯೆಯಲ್ಲಿ ಹೋಗುತ್ತಿದ್ದಾರೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಗಳು ಮಲ್ಪೆ ಬಂದರಿನ ನೀರನ್ನೋ ಮರುವಾಯಿಯನ್ನೋ ಆರಿಸಿಕೊಂಡರೆ ಅರ್ಜಿಯಲ್ಲಿ ಬರೆಯಲು ಅವಳಿಗೆ ತನ್ನದೇ ವಿಷಯವಿರುತ್ತದೆ.

ಕಾಲೇಜು ಕೊಟ್ಟ ಲಿಖಿತ ಉತ್ತರವನ್ನು ನಮಗೂ ಕಳಿಸಿ. ನಿಮ್ಮ ಹೆಸರು ಹಾಕದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಇದೇ ಗೊಂದಲದಲ್ಲಿರುವ ಬೇರೆ ಪೋಷಕರಿಗೂ ಅದು ಬೇಕಾಗುತ್ತದೆ.

– ಸಂಪಾದಕ