ಒಂದೇ ಅರಬ್ಬಿ ಸಮುದ್ರ, ಒಂದೇ ಚಂದ್ರ; ಆದರೂ ಭರತವೇಕೆ ಬೇರೆ?

ಮಂಗಳೂರಿನಲ್ಲಿ ಹುಣ್ಣಿಮೆಯ ಉಬ್ಬರವಿಳಿತದ ಅಂತರ ಎರಡು ಮೀಟರನ್ನೂ ಮುಟ್ಟದಿರುವಾಗ ಗುಜರಾತಿನ ಭಾವನಗರದಲ್ಲಿ ಅದು 10 ಮೀಟರಿನಷ್ಟಾಗುವುದೇಕೆ ಎಂದು ಕೇಳಿದ್ದೀರಿ. ಚಂದ್ರನ ಸೆಳೆತ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ನೆಲದ ಆಕಾರದಲ್ಲಿ.

ಭರತವೆಂಬುದು ಆಯಾ ತೀರದಲ್ಲೇ ಹುಟ್ಟುವ ಉಬ್ಬಲ್ಲ, ಮಹಾಸಾಗರದಿಂದ ಬರುವ ಬಹು ಉದ್ದದ ಅಲೆ. ಆಳ ಸಮುದ್ರದಲ್ಲಿ ಅದರ ಎತ್ತರ ಸಾಮಾನ್ಯವಾಗಿ ಒಂದು ಮೀಟರಿನ ಆಸುಪಾಸು ಮಾತ್ರ. ಗುಜರಾತಿನ ಎದುರು ಆಳವಿಲ್ಲದ ಕಡಲತಳವು ನಮ್ಮ ಕರಾವಳಿಯ ಎದುರಿಗಿಂತ ಬಹಳ ಅಗಲವಾಗಿ ಹರಡಿರುವುದರಿಂದ ಅಲೆ ಅಲ್ಲಿ ನಿಧಾನಗೊಂಡು ಎತ್ತರವಾಗುತ್ತದೆ. ಮುಂದೆ ಆಲಿಕೆಯಂತೆ ಕಿರಿದಾಗುತ್ತ ಹೋಗುವ, ಭಾವನಗರವಿರುವ ಖಂಭಾತ್ ಕೊಲ್ಲಿಯೊಳಗೆ ಹೊಕ್ಕಾಗ, ಅಷ್ಟೇ ನೀರು ಇಕ್ಕಟ್ಟಿನಲ್ಲಿ ಸಿಲುಕಿ ಮೇಲೇರದೆ ಗತಿಯಿಲ್ಲ. ಇದೇ ಕೊಲ್ಲಿಯ ದಡದ ಅಲಂಗ್‌ನಲ್ಲಿ ಹಳೆಯ ಹಡಗುಗಳನ್ನು ಒಡೆಯಲು ದಡಕ್ಕೇರಿಸುವುದು ಈ ಭರತವನ್ನೇ ನಂಬಿ.

ಆಲಿಕೆಯೊಂದೇ ಸಾಲದು. ಕೆನಡಾದ ಫಂಡಿ ಕೊಲ್ಲಿಯಲ್ಲಿ ಅಂತರವು 16 ಮೀಟರಿನವರೆಗೂ ಹೋಗುವುದಕ್ಕೆ ಮುಖ್ಯ ಕಾರಣ, ಅಲ್ಲಿನ ನೀರು ತೊಟ್ಟಿಲಿನಂತೆ ತಾನಾಗಿ ತೂಗುವ ಅವಧಿಯು ಭರತದ 12 ಗಂಟೆ 25 ನಿಮಿಷಕ್ಕೆ ಹತ್ತಿರವಿರುವುದು. ಪ್ರತಿ ಭರತವೂ ಸರಿಯಾದ ಹೊತ್ತಿಗೆ ತೊಟ್ಟಿಲನ್ನು ತಳ್ಳಿದಂತಾಗುತ್ತದೆ. ಮೆಡಿಟರೇನಿಯನ್‌ಗೆ ಸಾಗರದ ಬಾಗಿಲೇ ಜಿಬ್ರಾಲ್ಟರಿನ ಸುಮಾರು 14 ಕಿಲೋಮೀಟರಿನ ಸಂದಿಯಾದ್ದರಿಂದ ಅಲ್ಲಿನ ಹೆಚ್ಚಿನ ತೀರಗಳಲ್ಲಿ ಭರತ ಕಣ್ಣಿಗೆ ಬೀಳುವುದೇ ಕಷ್ಟ.