ತೋಟದ ದಾನಪತ್ರ, ಬ್ಯಾಂಕಿನ ನಾಮಿನಿ

ಪ್ರಶ್ನೆ: ಅಪ್ಪ ತೀರಿಕೊಂಡು ಏಳು ತಿಂಗಳಾಯಿತು. ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದರು. ನನ್ನ ತಮ್ಮನೇ ನೋಡಿಕೊಂಡ. ಈಗ ಪಹಣಿ ತೆಗೆಸಿದರೆ ಕಾಫಿ ತೋಟವೆಲ್ಲ ದಾನಪತ್ರದ ಮೂಲಕ ಅವನ ಹೆಸರಿಗೆ ಹೋಗಿದೆ. ಎಫ್‌ಡಿಗೂ ಅವನೇ ನಾಮಿನಿ. ಎಲ್ಲ ತನ್ನದೇ ಅನ್ನುತ್ತಾನೆ. ಅಮ್ಮ ಅವನ ಜೊತೆಗಿದ್ದಾರೆ. ನಾನು ಮದುವೆಯಾಗಿ ಬೇರೆ ಒಕ್ಕಕ್ಕೆ (ಮನೆತನಕ್ಕೆ) ಬಂದವಳು. ಕೇಸು ಹಾಕಿದರೆ ಗೆಲ್ಲುತ್ತೇನಾ?
– ಓದುಗರೊಬ್ಬರು, ವಿರಾಜಪೇಟೆ ತಾಲೂಕು

ಉತ್ತರ: ಅಕ್ಕಾ, ನೀವು ತೋಟವನ್ನೂ ಎಫ್‌ಡಿಯನ್ನೂ ಒಟ್ಟಿಗೇ ಕೇಳಿದ್ದೀರಿ. ದಯವಿಟ್ಟು ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ. ಎಫ್‌ಡಿ ವಿಷಯದಲ್ಲಿ ನಿಮ್ಮ ಕಡೆ ಬಲವಿದೆ. ತೋಟದ ವಿಷಯದಲ್ಲಿ ಕಾಗದ ನೋಡದೆ ಮಾತಾಡುವಂತಿಲ್ಲ.

ನಾಮಿನಿ ಅಂದರೆ ಬ್ಯಾಂಕು ಯಾರ ಕೈಗೆ ಹಣ ಕೊಡಬೇಕು ಅನ್ನುವುದಷ್ಟೇ. ಆ ಹಣ ಯಾರಿಗೆ ಸೇರಬೇಕು ಅನ್ನುವುದನ್ನು ವಾರಸಾ ಕಾನೂನು ಹೇಳುತ್ತದೆ. ವಿಮೆ ಹಣದ ಬಗ್ಗೆ ಸುಪ್ರೀಂ ಕೋರ್ಟ್ 1984ರಲ್ಲೇ ಇದನ್ನು ಹೇಳಿತು. 2010ರಲ್ಲಿ ಬ್ಯಾಂಕ್ ಠೇವಣಿಗೆ, 2023ರಲ್ಲಿ ಷೇರುಗಳಿಗೆ ಅದೇ ಮಾತು ಹೇಳಿತು. ಅಪ್ಪ ಉಯಿಲು ಬರೆದಿಲ್ಲದಿದ್ದರೆ, ನೀವು ಮೂವರೇ ವಾರಸುದಾರರಾಗಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆ ಹಣದಲ್ಲಿ ಅಮ್ಮನಿಗೆ, ನಿಮಗೆ, ತಮ್ಮನಿಗೆ ಮೂರರಲ್ಲಿ ಒಂದೊಂದು ಪಾಲು. ನಿಮಗೆ ಮದುವೆಯಾಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಬ್ಯಾಂಕಿಗೆ ಹೋಗಿ ಜಗಳವಾಡಬೇಡಿ. ನಾಮಿನಿಗೆ ಕೊಟ್ಟರೆ ಅವರ ಜವಾಬ್ದಾರಿ ಮುಗಿಯಿತು. ಹಣ ಇನ್ನೂ ಅಲ್ಲೇ ಇದ್ದರೆ ತಡೆಯಲು ಕೋರ್ಟಿನ ಆದೇಶ ಬೇಕು. ತಮ್ಮ ತೆಗೆದುಕೊಂಡಾಗಿದ್ದರೆ ಪಾಲನ್ನು ಅವನಿಂದಲೇ ಕೇಳಬೇಕು.

ಇನ್ನು ತೋಟ. ಅದು ಜಮ್ಮಾ ಆಸ್ತಿಯಾ, ಅಂದರೆ ಕೊಡಗಿನಲ್ಲಿ ಒಕ್ಕಕ್ಕೆ ತಲೆತಲಾಂತರದಿಂದ ಬಂದ ಜಮೀನಾ, ಇಲ್ಲ ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡದ್ದಾ? ನೀವು ಬರೆದಿಲ್ಲ. ಉಳಿದದ್ದೆಲ್ಲ ಇದರ ಮೇಲೇ ನಿಂತಿದೆ. ಜಮ್ಮಾ ಒಕ್ಕದ ಆಸ್ತಿ. ಪಟ್ಟೆದಾರ (ಒಕ್ಕದ ಹಿರಿಯ) ಅಂತ ಕಾಗದದಲ್ಲಿ ಒಬ್ಬರ ಹೆಸರಿದ್ದ ಮಾತ್ರಕ್ಕೆ ಅದು ಅವರೊಬ್ಬರದ್ದಾಗುವುದಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯನ್ನು ಯಜಮಾನ ಬರೀ ಪ್ರೀತಿಗಾಗಿ ದಾನ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿದೆ. ಆದರೆ ನಮ್ಮಲ್ಲಿ ಒಕ್ಕದ ಪದ್ಧತಿಗಳೂ ಸೇರಿಕೊಳ್ಳುತ್ತವೆ. ಹಾಗಾಗಿ ಜಮ್ಮಾ ಕೇಸುಗಳನ್ನು ನಡೆಸಿ ಗೊತ್ತಿರುವ ವಕೀಲರ ಹತ್ತಿರವೇ ಹೋಗಿ.

ಅಪ್ಪನ ಸ್ವಂತ ಸಂಪಾದನೆಯಾಗಿದ್ದರೆ ಮಾತು ಬೇರೆ. ಬದುಕಿದ್ದಾಗ ಯಾರಿಗೆ ಬೇಕಾದರೂ ಕೊಡುವ ಹಕ್ಕು ಅವರಿಗಿತ್ತು. ರಾತ್ರಿ ಹಗಲು ನೋಡಿಕೊಂಡ ಮಗನಿಗೆ ಖುಷಿಯಿಂದ ಕೊಟ್ಟಿದ್ದರೆ ಅದು ಮೋಸವಲ್ಲ. ನಿಮಗೆ ನೋವಾಗುತ್ತದೆ ಅಂತ ಗೊತ್ತಿದ್ದೂ ಹೇಳುತ್ತಿದ್ದೇನೆ. ಪಾಲು ಸಮ ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಕೋರ್ಟು ದಾನಪತ್ರವನ್ನು ರದ್ದು ಮಾಡುವುದಿಲ್ಲ. ಅಪ್ಪನಿಗೆ ಅರಿವಿರಲಿಲ್ಲ, ಇಲ್ಲವೇ ಒತ್ತಡ ಹಾಕಿ ಬರೆಸಿಕೊಂಡರು ಅಂತ ತೋರಿಸಬೇಕು.

ಅದಕ್ಕೆ ಉಪನೋಂದಣಾಧಿಕಾರಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲು ತೆಗೆಸಿ. ಎಲ್ಲರೂ ಮುಂಬದಿ ಓದಿ ಮಡಚಿ ಇಡುತ್ತಾರೆ. ನೀವು ಹಿಂಬದಿ ಓದಿ. ನೋಂದಣಿಯಾದ ತಾರೀಖು, ಹೊತ್ತು ಅಲ್ಲಿರುತ್ತದೆ. ಅಪ್ಪ ಕಚೇರಿಗೆ ಹೋಗಿದ್ದರಾ, ಅಧಿಕಾರಿ ಮನೆಗೆ ಬಂದಿದ್ದರಾ? ಕಾಯಿಲೆಯವರ ಮನೆಗೆ ಬಂದು ನೋಂದಣಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ, ಅದೇನೂ ತಪ್ಪಲ್ಲ. ಜೀವಮಾನವಿಡೀ ಸಹಿ ಹಾಕುತ್ತಿದ್ದವರು ಹೆಬ್ಬೆಟ್ಟು ಒತ್ತಿದ್ದಾರಾ? ಸ್ಟ್ರೋಕ್ ಆದವರಲ್ಲಿ ಅದೂ ಸಹಜವೇ. ಹಾಗಾದರೆ ಪತ್ರವನ್ನು ಅವರಿಗೆ ಓದಿ ಹೇಳಿದವರು ಯಾರು? ಬಿಕ್ಕಲಂ, ಅಂದರೆ ಪತ್ರ ಬರೆದವರು ಯಾರು? ಸ್ಥಿರಾಸ್ತಿಯ ದಾನಪತ್ರಕ್ಕೆ ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಲೇಬೇಕು. ಅವರು ಅಪ್ಪನ ಪರಿಚಯದವರಾ, ತಮ್ಮನ ಸ್ನೇಹಿತರಾ? ಆಮೇಲೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದಗಳನ್ನು ಪಕ್ಕದಲ್ಲಿಟ್ಟು ತಾರೀಖು ಹೋಲಿಸಿ. ನೋಂದಣಿಗೆ ನಾಲ್ಕು ದಿನ ಮೊದಲು 'ಮಾತು ಅರ್ಥವಾಗುತ್ತಿಲ್ಲ' ಅಂತ ಡಾಕ್ಟರು ಬರೆದಿದ್ದರೆ ನಿಮ್ಮ ಕೇಸಿಗೆ ಜೀವ ಬಂತು. ಅಪ್ಪ ಚುರುಕಾಗಿದ್ದರು ಅಂತ ಬರೆದಿದ್ದರೆ ಅದನ್ನೂ ಒಪ್ಪಿಕೊಳ್ಳಿ.

ಅಪ್ಪ ಎಲ್ಲದಕ್ಕೂ ತಮ್ಮನನ್ನೇ ನಂಬಿದ್ದರು, ಅವನ ಮಾತು ಮೀರುವ ಸ್ಥಿತಿಯಲ್ಲಿರಲಿಲ್ಲ, ಇದ್ದಬದ್ದ ಆಸ್ತಿಯೆಲ್ಲ ಅವನಿಗೇ ಹೋಗಿ ಅಮ್ಮನಿಗೂ ಏನೂ ಉಳಿದಿಲ್ಲ ಅಂತ ಕೋರ್ಟಿಗೆ ಕಂಡರೆ, ಒತ್ತಡ ಹಾಕಿಲ್ಲ ಅಂತ ತೋರಿಸುವ ಹೊಣೆ ಅವನ ಮೇಲೆ ಬೀಳಬಹುದು.

ಅವಧಿಯನ್ನು ಮರೆಯಬೇಡಿ. ದಾನಪತ್ರ ರದ್ದು ಕೇಳುವ ದಾವೆಗೆ, ವಿಷಯ ಗೊತ್ತಾದಂದಿನಿಂದ 3 ವರ್ಷ. ನಿಮಗೆ ಮೊದಲೇ ಗೊತ್ತಿತ್ತು ಅಂತ ಎದುರು ಪಾರ್ಟಿ ವಾದಿಸಿಯೇ ವಾದಿಸುತ್ತದೆ. ಪಹಣಿ ತೆಗೆಸಿದ ರಸೀದಿ ಜೋಪಾನವಾಗಿಡಿ. ನನ್ನ ಕೇಳಿದರೆ, ನೋಂದಣಿಯಾದ ದಿನದಿಂದಲೇ ಲೆಕ್ಕ ಹಾಕಿಕೊಂಡು ಓಡಾಡುವುದು ಕ್ಷೇಮ. ಪುತ್ತರಿ ಹಬ್ಬ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ, ಹಿರಿಯರು ಕೂತು ಮಾತಾಡಲಿ ಅಂತ ವರ್ಷ ಉರುಳಿಸಬೇಡಿ. ಮಾತುಕತೆ ಒಂದು ಕಡೆ ನಡೆಯಲಿ, ಕಾಗದದ ಕೆಲಸ ಇನ್ನೊಂದು ಕಡೆ ಸಾಗಲಿ.

ಈಗ ಅಮ್ಮನ ವಿಷಯ. ಪತ್ರದಲ್ಲಿ ಅವರ ಬಗ್ಗೆ ಒಂದೇ ಸಾಲಿದೆ. ನನಗೆ ಜಾಸ್ತಿ ಕಳವಳ ಆಗಿದ್ದು ಅಲ್ಲೇ. ಎಫ್‌ಡಿಯಲ್ಲಿ ಅವರ ಪಾಲು ನಿಮ್ಮಷ್ಟೇ ಇದೆ. ಅದನ್ನು ಅವರಿಗೆ ಯಾರಾದರೂ ಹೇಳಿದ್ದಾರಾ? ಹಕ್ಕು ಬಿಡುಗಡೆ ಪತ್ರಕ್ಕೆ ಅವರ ಸಹಿ ಕೇಳುತ್ತಿದ್ದಾರಾ? ಅಮ್ಮ ಯಾರಿಗಾದರೂ ಏನಾದರೂ ಬರೆದುಕೊಡುವುದಾದರೆ, ಕೊನೆಯವರೆಗೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಅದೇ ಪತ್ರದಲ್ಲಿರಲಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ ಹೋಗಿ ಅದನ್ನು ರದ್ದು ಮಾಡಿಸಬಹುದು. ಷರತ್ತಿಲ್ಲದೆ ಬರೆದುಕೊಟ್ಟವರು ಆಮೇಲೆ ತುಂಬ ಕಷ್ಟಪಡುತ್ತಾರೆ.

ವಕೀಲರ ಫೀಸಿನ ಚಿಂತೆಯಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ದಾನಪತ್ರದ ನಕಲು, ಪಹಣಿ, ಆಸ್ಪತ್ರೆ ಕಾಗದ ಮೂರನ್ನೂ ಹಿಡಿದುಕೊಂಡೇ ಹೋಗಿ. ಆದರೆ ಅದಕ್ಕಿಂತ ಮೊದಲು ಒಂದು ಭಾನುವಾರ ಅಮ್ಮನನ್ನು ನಿಮ್ಮ ಮನೆಗೆ ಕರೆಸಿಕೊಂಡು, ಅವರಿಗೇನು ಬೇಕು ಅಂತ ಕೇಳಿ.